ಹದಿನಾರಿನ ಮಗಳು: ‘ಆದಿಯಿಂದಲೂ ಹೀಗೆಯೇ’ ಎಂಬ ವಾದದ ವಿಮರ್ಶೆ

ಮನೆಯ ಆಸ್ತಿ ಪಾಲಾಗುವ ಕಾಲದಲ್ಲಿ ಹೆಣ್ಣುಮಕ್ಕಳ ಪ್ರಸ್ತಾಪ ಬಂದೊಡನೆ ಹಿರಿಯರೆನಿಸಿಕೊಂಡವರ ಬಾಯಿಂದ ಹೊರಡುವ ಮಾತೊಂದುಂಟು: “ಆದಿಯಿಂದಲೂ ಹೀಗೆಯೇ ನಡೆದು ಬಂದಿದೆ.” ನೆಲ ಗಂಡಿನದು, ಒಲೆ ಹೆಣ್ಣಿನದು, ಮನುಷ್ಯನು ಗುಹೆಯಲ್ಲಿ ವಾಸವಾಗಿದ್ದಂದಿನಿಂದ ಗಂಡು ಬೇಟೆಯಾಡಿ ತಂದನು, ಹೆಣ್ಣು ಬೇಯಿಸಿ ಬಡಿಸಿದಳು, ಇದು ಪ್ರಕೃತಿಯ ನಿಯಮ, ಇದಕ್ಕೆ ಶಾಸ್ತ್ರದ ಸಮ್ಮತಿಯುಂಟು, ದೇಶದ ಆಚಾರವೂ ಇದೇ ಎಂದು ಮೂರು ಕಂಬಗಳ ಮೇಲೆ ಆ ವಾದವನ್ನು ನಿಲ್ಲಿಸುತ್ತಾರೆ. ಹೀಗೆ ಹೇಳುವವರು ಪಾಮರರೇನೂ ಅಲ್ಲ. ಪದವಿ ಪಡೆದವರು, ಉದ್ಯೋಗದಲ್ಲಿರುವವರು, ಸಭೆಗಳಲ್ಲಿ ಸ್ತ್ರೀಯನ್ನು ದೇವತೆಯೆಂದು ಕೊಂಡಾಡುವವರು ಸಹ ಮನೆಗೆ ಬಂದು ಪಾಲುಪಟ್ಟಿಯನ್ನು ಬಿಚ್ಚಿದಾಗ ಇದೇ ಮಾತನ್ನು ಆಡುತ್ತಾರೆ. ಆದಕಾರಣ ಈ ಮೂರು ಕಂಬಗಳನ್ನೂ ಒಂದೊಂದಾಗಿ ತಟ್ಟಿ ನೋಡುವುದು ಅವಶ್ಯಕ. ಮೊದಲನೆಯದನ್ನು ಪರೀಕ್ಷಿಸುವುದಕ್ಕೆ ದೂರ ಹೋಗಬೇಕಾಗಿಲ್ಲ. ಮೈಸೂರು ಜಿಲ್ಲೆಯ ಒಂದು ಹಳ್ಳಿಯೇ ಸಾಕು.

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳ ನಡುವಣ ಸೀಮೆಯಲ್ಲಿ ಹದಿನಾರು ಎಂಬ ಗ್ರಾಮವಿದೆ. ಅಲ್ಲಿಯ ಕೆರೆಗೆ ಬರುವ ಹಕ್ಕಿಗಳನ್ನು ನೋಡಲು ಈಗ ಪಟ್ಟಣದ ಜನ ಹೋಗುವುದುಂಟು. ಆದರೆ ಮೈಸೂರು ಅರಸುಮನೆತನದ ಬೇರು ಇಲ್ಲಿಯೇ ಊರಿತೆಂದು ಪರಂಪರೆ ಹೇಳುತ್ತದೆ. ಹಳೆಯ ಕಥೆಗಳ ಹದಿನಾಡು ಈ ಹದಿನಾರೇ ಎಂದು ಅದು ಗುರುತಿಸುತ್ತದೆ. ಕಥೆ ಪ್ರಸಿದ್ಧವಾದುದು. ಅಲ್ಲಿಯ ಒಡೆಯನು ಇಲ್ಲವಾದನು. ಸತ್ತನೆಂದು ಕೆಲವರು, ಬುದ್ಧಿಭ್ರಮಣೆಯಿಂದ ಮನೆ ಬಿಟ್ಟು ಅಲೆಯುತ್ತ ಹೋದನೆಂದು ಕೆಲವರು ಹೇಳುತ್ತಾರೆ. ಗಂಡು ಸಂತಾನವಿಲ್ಲದ ಆ ಮನೆಯಲ್ಲಿ ಉಳಿದವರು ತಾಯಿ ಮತ್ತು ಮಗಳು. ನೆರೆಯ ಕಾರುಗಹಳ್ಳಿಯ ಮಾರನಾಯಕನು ಮಗಳನ್ನು ತನಗೆ ಕೊಡಬೇಕೆಂದು ಬಲಾತ್ಕಾರದಿಂದ ಕೇಳಿದನು. ಆ ಸಮಯಕ್ಕೆ ದ್ವಾರಕೆಯ ಕಡೆಯಿಂದ ಬಂದ ಯದುರಾಯ, ಕೃಷ್ಣರಾಯರೆಂಬ ಅಣ್ಣತಮ್ಮಂದಿರು ಆ ಮನೆಯವರ ಸಂಕಟವನ್ನು ತಿಳಿದು ಮಾರನಾಯಕನನ್ನು ಕೊಂದರು. ಯದುರಾಯನು ಮಗಳನ್ನು ಮದುವೆಯಾದನು. 1399ರಲ್ಲಿ ಒಡೆಯರ ವಂಶ ಪ್ರಾರಂಭವಾಯಿತು. ಕರ್ನಲ್ ವಿಲ್ಕ್ಸನು 1810ರಿಂದ ಪ್ರಕಟಿಸಿದ ದಕ್ಷಿಣದೇಶದ ಚರಿತ್ರೆಯಲ್ಲಿಯೂ, ಅರಮನೆಯಿಂದಲೇ ಹೊರಟ ವಂಶಾವಳಿಯಲ್ಲಿಯೂ ಅಲ್ಪಸ್ವಲ್ಪ ವ್ಯತ್ಯಾಸಗಳೊಡನೆ ಈ ವೃತ್ತಾಂತವೇ ಇದೆ.

ಈ ಕಥೆಯನ್ನು ವೀರಕಥೆಯಾಗಿ ಕೇಳಿ ಸಂತೋಷಪಡುವವರು ಅದರೊಳಗಿನ ನ್ಯಾಯವನ್ನು ಗಮನಿಸಿದಂತಿಲ್ಲ. ಮಾರನಾಯಕನಲ್ಲಿ ಆಳುಕಾಳುಗಳಿದ್ದರು, ಎದುರಿಗಿದ್ದವರು ದಿಕ್ಕಿಲ್ಲದ ಇಬ್ಬರು ಹೆಂಗಸರು. ಹದಿನಾರನ್ನು ಹಿಡಿದುಕೊಳ್ಳುವುದೊಂದೇ ಅವನ ಉದ್ದೇಶವಾಗಿದ್ದರೆ ಮದುವೆಯ ಮಾತೇಕೆ ಬೇಕಿತ್ತು? ನೆಲ ಬಾಹುಬಲಕ್ಕೆ ವಶವಾಗಬಹುದು, ಆದರೆ ನೆಲದ ಹಕ್ಕು ವಶವಾಗದು. ಆ ಹಕ್ಕು ಮಗಳಲ್ಲಿತ್ತು. ಅದನ್ನು ಮಾರನಾಯಕನು ಬಲ್ಲ. ಯದುರಾಯನೂ ಬಲ್ಲ. ಕಾರುಗಹಳ್ಳಿ ಅವನಿಗೆ ಕತ್ತಿಯಿಂದ ಬಂದಿತು. ಹದಿನಾರು ಬಂದುದು ತಾಳಿ ಕಟ್ಟಿದ ಮೇಲೆಯೇ. 1947ರವರೆಗೆ ಐದೂವರೆ ಶತಮಾನಗಳ ರಾಜ್ಯಕ್ಕೆ ಮೂಲಧನವಾಗಿ ನಿಂತದ್ದು ಒಬ್ಬ ಹೆಣ್ಣುಮಗಳ ಉತ್ತರಾಧಿಕಾರ. ಆಕೆಯ ಹೆಸರೂ ಸ್ಥಿರವಾಗಿ ಉಳಿಯಲಿಲ್ಲ. ಕೆಲವರು ದೇವಾಜಮ್ಮಣ್ಣಿಯೆಂದರು, ಕೆಲವರು ಚಿಕ್ಕದೇವರಸಿಯೆಂದರು. ಬಂದವನ ಹೆಸರು ವಂಶದ ಮೊದಲ ಹೆಸರಾಯಿತು. ಇದ್ದವಳ ಹೆಸರು ಪಾಠಾಂತರವಾಯಿತು.

ಇದು ಐತಿಹ್ಯವಲ್ಲವೆ, 1399ಕ್ಕೆ ಸಮಕಾಲದ ಶಾಸನವೆಲ್ಲಿ ಎಂದು ಚರಿತ್ರಜ್ಞರು ಕೇಳಬಹುದು. ಪ್ರಶ್ನೆ ಯುಕ್ತವಾದುದೇ. ಆದರೆ ಐತಿಹ್ಯವೆಂದು ಒಪ್ಪಿಕೊಂಡರೆ ವಾದ ದುರ್ಬಲವಾಗುವುದಿಲ್ಲ, ಬಲಪಡುತ್ತದೆ. ಯಾದವಕುಲದ ಕೀರ್ತಿಯನ್ನು ಹೊತ್ತು ಬಂದ ವೀರನೊಬ್ಬನು ನಾಡನ್ನು ಗೆದ್ದುಕೊಂಡನೆಂದು ಹೇಳಿಕೊಳ್ಳಲು ಅರಸುಮನೆತನಕ್ಕೆ ಅಡ್ಡಿಯೇನಿತ್ತು? ಹಾಗೆ ಹೇಳಿಕೊಳ್ಳಲಿಲ್ಲ. ಮಗಳ ಕೈಹಿಡಿದು ನಾಡನ್ನು ಪಡೆದನೆಂದೇ ಹೇಳಿಕೊಂಡಿತು. ಕೇಳುವ ಪ್ರಜೆಗಳಿಗೆ ಅದು ಸಹಜವಾಗಿಯೂ ನ್ಯಾಯವಾಗಿಯೂ ತೋರುತ್ತಿದ್ದುದರಿಂದಲ್ಲವೆ ಆ ಕಥೆ ನಿಂತುದು? ಹೆಣ್ಣಿಗೆ ನೆಲದ ಹಕ್ಕು ಎಂದೂ ಇರಲಿಲ್ಲವೆಂಬುದು ಈ ಸೀಮೆಯ ಆಚಾರವಾಗಿದ್ದ ಪಕ್ಷದಲ್ಲಿ ಆ ಕಥೆಯನ್ನು ಹೇಳಿದವನನ್ನು ಕೇಳುವವರು ನಗುತ್ತಿದ್ದರು.

ಅದೇ ರಾಜ್ಯವು ಕೈತಪ್ಪಿದಾಗ ಮರಳಿ ಹಿಡಿದವರಾರು? ಇಮ್ಮಡಿ ಕೃಷ್ಣರಾಜ ಒಡೆಯರ ವಿಧವೆ ಲಕ್ಷ್ಮಮ್ಮಣ್ಣಿಯವರು ಹೈದರಾಲಿ ಮತ್ತು ಟಿಪ್ಪುಸುಲ್ತಾನರ ಕಾಲದುದ್ದಕ್ಕೂ ತಿರುಮಲರಾಯರ ಮೂಲಕ ಆಂಗ್ಲರೊಡನೆ ಗುಟ್ಟಾಗಿ ವ್ಯವಹರಿಸಿ, 1799ರಲ್ಲಿ ಐದು ವರ್ಷದ ಬಾಲಕನನ್ನು ಸಿಂಹಾಸನದ ಮೇಲೆ ಕುಳ್ಳಿರಿಸಿದರು. 1894ರಲ್ಲಿ ಚಾಮರಾಜ ಒಡೆಯರು ಅಕಾಲದಲ್ಲಿ ತೀರಿಕೊಂಡಾಗ ವಾಣೀವಿಲಾಸ ಸನ್ನಿಧಾನದ ಕೆಂಪನಂಜಮ್ಮಣ್ಣಿಯವರು 1902ರವರೆಗೆ ರಾಜಪ್ರತಿನಿಧಿಯಾಗಿ ಆಳಿದರು. ಶಿವನಸಮುದ್ರದ ವಿದ್ಯುಚ್ಛಕ್ತಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದುದು ಅವರ ಆಡಳಿತದಲ್ಲಿ. ಘಟ್ಟದ ಕೆಳಗೆ ತುಳುನಾಡಿನಲ್ಲಿ ಅಳಿಯಸಂತಾನದ ಕಟ್ಟಿನಂತೆ ಆಸ್ತಿ ತಾಯಿಯ ಸಂತತಿಯಲ್ಲಿಯೇ ಇಳಿಯುತ್ತಿತ್ತು. ಮನೆಯ ಹಿರಿಯಳು ಯಜಮಾನ್ತಿಯಾಗಿ ಕುಟುಂಬವನ್ನು ನಡೆಸುವುದಕ್ಕೆ ಅಲ್ಲಿ ಅವಕಾಶವಿತ್ತು. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕ ಆ ಪದ್ಧತಿಯ ಚೌಟರ ಮನೆತನದವಳು. ಇವೆಲ್ಲವೂ ದೇಶಾಚಾರಗಳೇ. ಹೀಗಿರುವಲ್ಲಿ ಒಂದೇ ಒಂದು ಆಚಾರವನ್ನು ಎತ್ತಿ ಹಿಡಿದು ಅದೊಂದೇ ದೇಶಾಚಾರವೆನ್ನುವುದು ಸತ್ಯವಾದೀತೆ?

ಎರಡನೆಯದು ಪ್ರಕೃತಿಯ ಕಂಬ. ಗಂಡು ಬೇಟೆಗಾರ, ಹೆಣ್ಣು ಅಡಿಗೆಯವಳು ಎಂಬ ಚಿತ್ರವನ್ನು ಆದಿಮಾನವನ ಕಾಲದಿಂದ ಯಾರೂ ತಂದಿಟ್ಟಿಲ್ಲ; ಅಗೆದು ನೋಡಿದವರು ತಮ್ಮ ಕಾಲದ ಮನೆಯನ್ನೇ ಮಣ್ಣಿನೊಳಗೆ ಕಂಡು ಬರೆದ ಚಿತ್ರವದು. ಸ್ವೀಡನ್ ದೇಶದ ಬಿರ್ಕಾ ಎಂಬಲ್ಲಿ 1878ರಲ್ಲಿ ಒಂದು ಸಮಾಧಿಯನ್ನು ತೆರೆದರು. ಕತ್ತಿ, ಕೊಡಲಿ, ಬಾಣಗಳು, ಎರಡು ಕುದುರೆಗಳು ಜೊತೆಗಿದ್ದವು. ಆಯುಧಗಳಿದ್ದ ಮೇಲೆ ಅಲ್ಲಿ ಮಲಗಿದವನು ಗಂಡೇ ಎಂದು ನೂರಕ್ಕೂ ಹೆಚ್ಚು ವರ್ಷ ಎಲ್ಲರೂ ನಂಬಿದ್ದರು. 2017ರಲ್ಲಿ ಎಲುಬಿನೊಳಗಿನ ವಂಶವಾಹಿಗಳನ್ನು ಪರೀಕ್ಷಿಸಿದಾಗ ಅದು ಹೆಣ್ಣಿನ ಎಲುಬೆಂದು ತಿಳಿಯಿತು. ಇದು ಸಾವಿರ ವರ್ಷದ ಹಿಂದಿನ ಮಾತು. ಪೆರು ದೇಶದ ಬೆಟ್ಟಸೀಮೆಯಲ್ಲಿ ಸುಮಾರು ಒಂಬತ್ತು ಸಾವಿರ ವರ್ಷಗಳ ಹಿಂದೆ ಹೂಳಿದ್ದ ಹದಿಹರೆಯದ ಹೆಣ್ಣೊಬ್ಬಳ ಪಕ್ಕದಲ್ಲಿ ದೊಡ್ಡ ಮೃಗಗಳ ಬೇಟೆಯ ಕಲ್ಲಿನ ಮೊನೆಗಳೂ ಉಪಕರಣಗಳೂ ಒಂದು ಗಂಟಾಗಿ ಇದ್ದುದನ್ನು 2020ರಲ್ಲಿ ಪ್ರಕಟಿಸಿದರು. ಗಂಡು ಮಾತ್ರ ಬೇಟೆಗೆ ಹೋದನೆಂಬ ನಿಯಮವನ್ನು ಪ್ರಕೃತಿ ಎಲ್ಲಿಯೂ ಬರೆದಿಟ್ಟಿರಲಿಲ್ಲ.

ಬೇಟೆಯಿಂದ ಬೇಸಾಯಕ್ಕೆ ಬಂದರೂ ಅಷ್ಟೆ. ತುರ್ಕಿಯ ಚತಾಲ್‌ಹುಯುಕ್ ಎಂಬಲ್ಲಿ ಸುಮಾರು ಒಂಬತ್ತು ಸಾವಿರ ವರ್ಷಗಳ ಹಿಂದಣ ಬೇಸಾಯಗಾರರ ದೊಡ್ಡ ಊರೊಂದಿದೆ. ಸತ್ತವರನ್ನು ಅಲ್ಲಿ ಮನೆಯ ನೆಲದ ಕೆಳಗೇ ಹೂಳುತ್ತಿದ್ದರು. ಒಂದೊಂದು ಮನೆಯ ಕೆಳಗೆ ಮಲಗಿದವರ ಸಂಬಂಧವನ್ನು ಪರೀಕ್ಷಿಸಿ 2025ರಲ್ಲಿ ತಿಳಿಸಿದ್ದೇನೆಂದರೆ, ಅವರನ್ನು ಕೂಡಿಸುವ ಎಳೆ ಬಹುಮಟ್ಟಿಗೆ ತಾಯಿಯ ಕಡೆಯದು. ಹೆಣ್ಣುಮಕ್ಕಳು ಹುಟ್ಟಿದ ಮನೆಯಲ್ಲಿಯೇ ಉಳಿದರು, ಗಂಡುಗಳು ಹೊರಗೆ ಹೋದರು. ಹೆಣ್ಣುಕೂಸುಗಳ ಜೊತೆಯಲ್ಲಿ ಇಟ್ಟ ವಸ್ತುಗಳೂ ಗಂಡುಕೂಸುಗಳ ಜೊತೆಯಲ್ಲಿಟ್ಟವಕ್ಕಿಂತ ಸುಮಾರು ಐದು ಪಾಲು ಹೆಚ್ಚು. ಇಂಗ್ಲೆಂಡಿನ ಡಾರ್ಸೆಟ್ ಸೀಮೆಯಲ್ಲಿ ರೋಮನರು ಬರುವ ಹೊತ್ತಿಗೆ ಇದ್ದ ಒಂದು ಬುಡಕಟ್ಟಿನ ರುದ್ರಭೂಮಿಯಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಬ್ಬಳೇ ಮೂಲತಾಯಿಯ ಸಂತತಿಯೆಂದೂ, ಗಂಡಂದಿರು ಹೊರಗಿನಿಂದ ಬಂದವರೆಂದೂ ಅದೇ ವರ್ಷ ತಿಳಿದುಬಂದಿತು. ಹದಿನಾರಿಗೆ ಯದುರಾಯನು ಬಂದಂತೆ ಅಲ್ಲಿಯೂ ಗಂಡು ಹೆಣ್ಣಿನ ಮನೆಗೆ ಬಂದನು. ಈ ನಾಡಿನ ಮಾತಿನಲ್ಲಿ ಹೇಳುವುದಾದರೆ ಮನೆ ಅಳಿಯತನ ಆ ಬುಡಕಟ್ಟಿನಲ್ಲಿ ವಿನಾಯಿತಿಯಲ್ಲ, ಆಚಾರ.

ಹದಿನಾರಿಗೆ ಸಮೀಪದ ನರಸೀಪುರದಲ್ಲಿ, ಕಾವೇರಿ ಕಪಿಲೆಗಳು ಕೂಡುವೆಡೆಯಲ್ಲಿಯೇ, ನವಶಿಲಾಯುಗದ ಜನ ವಾಸವಾಗಿದ್ದರು. ಎಂ. ಶೇಷಾದ್ರಿಯವರ ಮೇಲ್ವಿಚಾರಣೆಯಲ್ಲಿ ನಡೆದ ಆ ಉತ್ಖನನದ ವರದಿ 1971ರಲ್ಲಿ ಹೊರಬಂದಿತು. ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿಗಳು, ಕೈಯಿಂದ ತಟ್ಟಿ ಮಾಡಿದ ಮಡಕೆಗಳು, ಮಣ್ಣಿನ ತಲೆದಿಂಬುಗಳು, ಹೂಳಿದ ಎಲುಬುಗಳು ಅಲ್ಲಿ ದೊರೆತವು. ಕನ್ನಡನಾಡಿನ ನವಶಿಲಾಯುಗದವರು ಕೊರಲೆ, ಹುರುಳಿ, ಹೆಸರುಗಳನ್ನು ಬೆಳೆದು, ದನ ಸಾಕಿ, ಕಲ್ಲಿನ ಮೇಲೆ ಕಾಳನ್ನು ಅರೆದು ಬದುಕಿದವರು. ಆ ಮಡಕೆಯ ಮೇಲೆ ಯಜಮಾನನ ಹೆಸರಿಲ್ಲ, ಆ ಕೊಡಲಿಯ ಮೇಲೆ ಗಂಡೆಂಬ ಗುರುತಿಲ್ಲ. ಅವರ ಗದ್ದೆಹೊಲಗಳಿಗೆ ಖಾತೆದಾರನು ಗಂಡೇ ಎಂದು ಐದು ಸಾವಿರ ವರ್ಷ ತಡವಾಗಿ ತೀರ್ಪು ಕೊಡಲು ಇಂದಿನವರಿಗೆ ಯಾವ ಅಧಿಕಾರವಿದೆ?

ಇಷ್ಟು ಹೇಳಿದೊಡನೆ ಎದುರು ಪಕ್ಷದ ಉತ್ಸಾಹಿಗಳು ಚಪ್ಪಾಳೆ ತಟ್ಟುತ್ತಾರೆ. ಅವರಿಗೂ ಒಂದು ಮಾತನ್ನು ಹೇಳಬೇಕಾಗಿದೆ. ಆದಿಯಲ್ಲಿ ಎಲ್ಲೆಲ್ಲಿಯೂ ಸ್ತ್ರೀರಾಜ್ಯವೇ ಇತ್ತು, ಅನಂತರ ಗಂಡಸರು ಅದನ್ನು ಕಸಿದುಕೊಂಡರು ಎಂದು 1861ರಲ್ಲಿ ಸ್ವಿಟ್ಜರ್ಲೆಂಡಿನ ಬಾಖೋಫೆನ್ ಪಂಡಿತನು ಸಾಧಿಸಿದನು. 1884ರಲ್ಲಿ ಎಂಗೆಲ್ಸನು ತಾಯಿಹಕ್ಕಿನ ಆ ವಾದವನ್ನು ತನ್ನ ಮತಕ್ಕೆ ಸೇರಿಸಿಕೊಂಡನು. ಇದೂ ಹಿಂದಿನ ಕಾಲಕ್ಕೆ ಇಂದಿನ ಇಷ್ಟಾರ್ಥವನ್ನು ತೊಡಿಸುವ ಕೆಲಸವೇ. ಫ್ರಾನ್ಸಿನ ಗುರ್ಜಿ ಎಂಬಲ್ಲಿ ಆರು ಸಾವಿರಕ್ಕೂ ಹೆಚ್ಚು ವರ್ಷ ಹಳೆಯದಾದ ರುದ್ರಭೂಮಿಯನ್ನು ಇದೇ ರೀತಿ ಪರೀಕ್ಷಿಸಿದಾಗ ಏಳು ತಲೆಮಾರಿನವರೆಗೂ ತಂದೆಯ ಎಳೆಯೇ ಕಂಡಿತು. ಹೆಂಡಿರು ಹೊರಗಿನಿಂದ ಬಂದವರು. ಅದು 2023ರ ವರದಿ. ಅಳಿಯಸಂತಾನದ ಮನೆಗಳಲ್ಲಿಯೂ ಆಸ್ತಿಯ ಎಳೆ ಅಕ್ಕತಂಗಿಯರದಾದರೂ ಬೀಗದ ಕೈ ಬಹಳ ಕಡೆ ಸೋದರಮಾವನ ಸೊಂಟದಲ್ಲಿರುತ್ತಿತ್ತು. ಹದಿನಾರಿನ ಮಗಳಿಗೂ ಹಕ್ಕಿತ್ತೇ ಹೊರತು ಆಳ್ವಿಕೆ ಗಂಡನ ಕೈ ಸೇರಿತು. ಸ್ವತ್ವ ಬೇರೆ, ಅದರ ವಿನಿಯೋಗದ ಸ್ವಾತಂತ್ರ್ಯ ಬೇರೆ. ಮೊದಲನೆಯದಿದ್ದ ಮಾತ್ರಕ್ಕೆ ಎರಡನೆಯದು ಇತ್ತೆಂದು ಹೇಳಲಾಗದು. ಹಾಗಾದರೆ ಆದಿಕಾಲದಿಂದ ದೊರೆಯುವ ಪಾಠವೇನು? ಒಂದೇ ನಿಯಮವೆಂಬುದು ಎಂದೂ ಇರಲಿಲ್ಲವೆಂಬುದೇ ಪಾಠ. ಒಂದು ಕಣಿವೆಯಲ್ಲಿ ಮಗಳು ಉಳಿದಳು, ಇನ್ನೊಂದರಲ್ಲಿ ಮಗನು ಉಳಿದನು. ಮನುಷ್ಯರು ಯೋಚಿಸಿ ಏರ್ಪಡಿಸಿಕೊಂಡದ್ದನ್ನು ಪ್ರಕೃತಿಯ ತಲೆಗೆ ಕಟ್ಟುವುದು ಎರಡೂ ಪಕ್ಷದವರಿಗೆ ತರವಲ್ಲ.

ಇನ್ನು ಮೂರನೆಯದಾದ ಶಾಸ್ತ್ರದ ಕಂಬ. ಹೆಣ್ಣು ತಂದೆಯ, ಗಂಡನ, ಮಗನ ರಕ್ಷಣೆಯಲ್ಲಿಯೇ ಇರತಕ್ಕವಳೆಂಬ ಮನುವಚನವನ್ನು ಬಾಯಿಪಾಠ ಮಾಡಿದವರಿಗೆ ಕೊರತೆಯಿಲ್ಲ. ಅಂತಹ ವಚನವಿಲ್ಲವೆಂದು ಹೇಳುವುದು ಅಪ್ರಾಮಾಣಿಕತೆ. ಆದರೆ ಆ ಶ್ಲೋಕವನ್ನು ಕಂಠಸ್ಥ ಮಾಡಿದವರು ಅದೇ ಅಧ್ಯಾಯದ ಮುಂದಿನ ಭಾಗವನ್ನು ಏಕೆ ಮರೆತರು? ಅವಿವಾಹಿತ ಸೋದರಿಯರಿಗೆ ಅಣ್ಣತಮ್ಮಂದಿರು ತಮ್ಮ ತಮ್ಮ ಪಾಲಿನಿಂದ ನಾಲ್ಕನೆಯ ಒಂದಂಶವನ್ನು ಕೊಡತಕ್ಕದ್ದು, ಕೊಡಲೊಲ್ಲದವರು ಪತಿತರಾಗುತ್ತಾರೆ ಎಂದು ಹೇಳಿದವನೂ ಮನುವೇ. ಅಪುತ್ರನಾದವನು ಮಗಳನ್ನೇ ಪುತ್ರಿಕೆಯಾಗಿ ನಿಯಮಿಸಿ ವಂಶವನ್ನು ಆಕೆಯ ಮೂಲಕ ನಡೆಸಬಹುದೆಂದವನೂ ಅವನೇ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯನು ಮನೆ ಬಿಟ್ಟು ಹೊರಡುವಾಗ ತನ್ನ ಇಬ್ಬರು ಪತ್ನಿಯರಿಗೆ ಆಸ್ತಿಯನ್ನು ಹಂಚಿಕೊಡಲು ಸಿದ್ಧನಾದನು. ಮೈತ್ರೇಯಿಯ ಬ್ರಹ್ಮಜಿಜ್ಞಾಸೆಯನ್ನು ಹೊಗಳುವವರು ಆ ಸಂವಾದ ಆಸ್ತಿಯ ಪಾಲಿನಿಂದ ಪ್ರಾರಂಭವಾಯಿತೆಂಬುದನ್ನು ನೆನೆಯುವುದೇ ಇಲ್ಲ.

ಶಾಸ್ತ್ರದ ಮಾತಿಗೆ ಕನ್ನಡನಾಡು ಬೇರೆಡೆಗೆ ಹೋಗಬೇಕಾದುದೂ ಇಲ್ಲ. ಇಂದಿನ ಬಸವಕಲ್ಯಾಣವಾದ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಸುಮಾರು 900 ವರ್ಷಗಳ ಹಿಂದೆ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಭಾರತದ ಬಹುಭಾಗದ ದಾಯವಿಭಾಗಕ್ಕೆ ಅದೇ ಆಧಾರವಾಯಿತು. ಸೋದರಿಯ ಆ ನಾಲ್ಕನೆಯ ಅಂಶವೆಂದರೆ ಮದುವೆಯ ಖರ್ಚು ಮಾತ್ರವೆಂದು ಕೆಲವರು ಅರ್ಥ ಹೇಳುತ್ತಿದ್ದರು. ವಿಜ್ಞಾನೇಶ್ವರನು ಅದನ್ನು ಒಪ್ಪಲಿಲ್ಲ. ಅದು ಖರ್ಚಲ್ಲ, ಪಾಲು ಎಂದು ನಿರ್ಣಯಿಸಿದನು. ಉತ್ತರಾಧಿಕಾರ, ಕ್ರಯ, ವಿಭಾಗ ಮುಂತಾದ ಯಾವ ಮಾರ್ಗದಿಂದ ಬಂದರೂ ಹೆಣ್ಣಿನ ಕೈ ಸೇರಿದ ಧನ ಸ್ತ್ರೀಧನವೇ ಎಂದನು. ಗಂಡುಮಕ್ಕಳಿಲ್ಲದೆ, ದಾಯಾದಿಗಳಿಂದ ವಿಭಕ್ತನಾಗಿ ಸತ್ತವನ ಆಸ್ತಿ ಮೊದಲು ಪತ್ನಿಗೆ, ಅನಂತರ ಪುತ್ರಿಯರಿಗೆ, ಅವರಾದ ಮೇಲೆಯೇ ಮಿಕ್ಕವರಿಗೆ ಎಂಬ ಕ್ರಮವನ್ನು ಎತ್ತಿಹಿಡಿದನು. ಹದಿನಾರಿನ ತಾಯಿಮಗಳ ಸ್ಥಿತಿಗೂ ಈ ಕ್ರಮಕ್ಕೂ ಎಷ್ಟು ಹೊಂದಿಕೆ! “ಮದುವೆ ಮಾಡಿಕೊಟ್ಟೆವಲ್ಲ, ಅದೇ ಅವಳ ಪಾಲು” ಎಂದು ಇಂದು ಹೇಳುವ ಅಣ್ಣಂದಿರು ತಾವು ಸನಾತನ ಮಾರ್ಗದಲ್ಲಿ ನಡೆಯುತ್ತಿರುವುದಾಗಿ ತಿಳಿದಿದ್ದಾರೆ. ಆ ಮಾರ್ಗವನ್ನು ಕಲ್ಯಾಣದ ಪಂಡಿತನು ಒಂಬತ್ತು ಶತಮಾನಗಳ ಹಿಂದೆಯೇ ಮುಚ್ಚಿದ್ದನು. ಇಂಗ್ಲಿಷರ ಕಾಲದ ನ್ಯಾಯಸ್ಥಾನಗಳು ಸ್ತ್ರೀಧನದ ಆ ವಿಶಾಲಾರ್ಥವನ್ನು ಬಿಟ್ಟು, ಉತ್ತರಾಧಿಕಾರದಿಂದ ಹೆಣ್ಣಿಗೆ ಬಂದ ಆಸ್ತಿಯನ್ನು ಸೀಮಿತ ಹಕ್ಕಾಗಿ ಕುಗ್ಗಿಸಿದವು. ಆದಿಯದೆಂದು ಕೆಲವರು ಭಾವಿಸಿರುವುದರಲ್ಲಿ ಒಂದು ಪಾಲು ಹೀಗೆ ನೆನ್ನೆಯದು.

ಹಾಗಿದ್ದರೆ ಹೆಣ್ಣಿನ ಈ ಅಧಿಕಾರ ಜನರ ನೆನಪಿನಿಂದ ಹೇಗೆ ಜಾರಿತು? ನೆನಪನ್ನು ಕಲ್ಲಿನ ಮೇಲೆ ಕೊರೆಯಿಸಿದವರು ಏನನ್ನು ಮೆಚ್ಚಿದರೋ ಅದು ಉಳಿಯಿತು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಒಂದು ಶಾಸನವಿದೆ. ನವಿಲೆನಾಡಿನ ಏಚನು ತಲಕಾಡಿನಲ್ಲಿ ಹತನಾದ ವಾರ್ತೆಯನ್ನು ಕೇಳಿ ಆತನ ಹೆಂಡತಿ ದೇಕಬ್ಬೆ, ಹೆತ್ತವರು ತಡೆದರೂ ನಿಲ್ಲದೆ, ಬೆಂಕಿಯನ್ನು ಹೊಕ್ಕಳೆಂದು ಅದು ಕಾವ್ಯವಾಗಿ ಹಾಡುತ್ತದೆ. ಶೋಕ ಸತ್ಯ, ಕವಿತ್ವವೂ ಸತ್ಯ. ಆದರೆ ಉರಿದುಹೋದವಳಿಗೆ ಕಲ್ಲಿನ ತುಂಬ ಅಕ್ಷರಗಳು ದೊರೆತವು; ಬದುಕಿ ಉಳಿದು ಒಂದು ರಾಜ್ಯಕ್ಕೆ ನೆಲ ಕೊಟ್ಟವಳಿಗೆ ಹೆಸರೂ ನಿಲ್ಲಲಿಲ್ಲ. ಚಾಲುಕ್ಯ ಜಯಸಿಂಹನ ಸೋದರಿ ಅಕ್ಕಾದೇವಿ ನಾಡುಗಳನ್ನು ಆಳಿ, 1047ರಲ್ಲಿ ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದವಳು. ಶಾಸನಗಳಲ್ಲಿ ಆಕೆಯ ಹೆಸರಿದೆ, ಶಾಲೆಯ ಮಕ್ಕಳ ಬಾಯಲ್ಲಿ ಎಷ್ಟರಮಟ್ಟಿಗಿದೆ? ಆಳಿದ ಹೆಣ್ಣನ್ನು ಮರೆತು ಅಳಿದ ಹೆಣ್ಣನ್ನು ಪೂಜಿಸುವ ಅಭ್ಯಾಸವೇ “ಆದಿಯಿಂದಲೂ ಹೀಗೆಯೇ” ಎಂಬ ಮಾತಿಗೆ ತಾಯಿಬೇರು.

ಇದು ಪಂಡಿತರ ಹರಟೆಯಾಗಿ ಮುಗಿಯುವ ವಿಷಯವಲ್ಲ. ಹದಿನಾರಿನ ಮಗಳಿಂದ ಮೊದಲಾದ ರಾಜ್ಯವೇ 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನನ್ನು ಮಾಡಿ, ವಿಭಾಗದಲ್ಲಿ ಅವಿವಾಹಿತ ಪುತ್ರಿಗೂ ವಿಧವೆಗೂ ಪಾಲನ್ನು ಗೊತ್ತುಮಾಡಿತು. 1994ರಲ್ಲಿ ಕರ್ನಾಟಕವು ಅವಿವಾಹಿತ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತದಲ್ಲಿ ಮಗನಿಗೆ ಸಮನಾದ ಭಾಗಸ್ಥರನ್ನಾಗಿ ಮಾಡಿತು. 2005ರಲ್ಲಿ ಇಡೀ ದೇಶಕ್ಕೆ, ವಿವಾಹಿತೆಯರಿಗೂ ಸೇರಿಸಿ, ಆ ಹಕ್ಕು ಬಂದಿತು. ಅದು ಹುಟ್ಟಿನಿಂದಲೇ ಬರುವ ಹಕ್ಕು, 2005ರಲ್ಲಿ ತಂದೆ ಬದುಕಿರಬೇಕಾದುದಿಲ್ಲ ಎಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು. ಕಾನೂನಿನ ಕೆಲಸ ಇಷ್ಟರಮಟ್ಟಿಗೆ ಆಯಿತು. ಆಚರಣೆಯಲ್ಲಿ ಆಗುತ್ತಿರುವುದೇನು? ಮೈಸೂರಿನ ಸುತ್ತಲ ಹೊಲಗಳು ಬಡಾವಣೆಗಳಾಗುತ್ತಿರುವ ಈ ದಿನಗಳಲ್ಲಿ ತಂಗಿಯನ್ನು ಆದರದಿಂದ ಕರೆಸಿ, ಊಟ ಹಾಕಿಸಿ, ನೋಂದಣಿ ಕಚೇರಿಗೆ ಕರೆದೊಯ್ದು ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಿಸುವವರಿದ್ದಾರೆ. ವಂಶವೃಕ್ಷದಲ್ಲಿ ಮಗಳ ಹೆಸರನ್ನೇ ಬರೆಯಿಸದವರೂ ಇದ್ದಾರೆ. ರುಜು ಹಾಕದಿದ್ದರೆ ಗೌರಿಹಬ್ಬಕ್ಕೆ ಬಾಗಿನ ಬರದು, ತವರಿನ ಬಾಗಿಲು ಮುಚ್ಚೀತು ಎಂಬ ಭಯ ಆಕೆಗೆ. ಅರಿಸಿನ ಕುಂಕುಮಕ್ಕೆಂದು ಕೈಗೆ ಕೊಟ್ಟದ್ದನ್ನು ತೆಗೆದುಕೊಂಡು, ಕೋಟಿಯ ಬೆಲೆಯುಳ್ಳುದನ್ನು ಬಿಟ್ಟು, ಆಕೆ ನಗುನಗುತ್ತ ಹಿಂದಿರುಗುತ್ತಾಳೆ. ಅದನ್ನು ನೋಡಿ “ನಮ್ಮ ತಂಗಿ ದೊಡ್ಡ ಮನಸ್ಸಿನವಳು” ಎನ್ನುತ್ತಾರೆ. ಬಲಾತ್ಕಾರ ಮಾರನಾಯಕನ ಕೈಯಲ್ಲಿದ್ದಾಗ ಅದಕ್ಕೆ ಅನ್ಯಾಯವೆಂಬ ಹೆಸರಿತ್ತು. ಅಣ್ಣನ ಕೈಗೆ ಬಂದಾಗ ಸಂಪ್ರದಾಯವೆಂಬ ಹೆಸರಾಯಿತು.

ತಾನಾಗಿಯೇ ಮನಸ್ಸೊಪ್ಪಿ ತನ್ನ ಪಾಲನ್ನು ಬಡ ಸೋದರನಿಗೆ ಬಿಟ್ಟುಕೊಡುವ ಹೆಣ್ಣುಮಕ್ಕಳು ಇಲ್ಲವೆಂದಲ್ಲ. ದಾನ ದೊಡ್ಡದು. ಆದರೆ ದಾನವೆನಿಸಬೇಕಾದರೆ ಕೊಡುವವಳಿಗೆ ಅದು ತನ್ನದೆಂದು ಮೊದಲು ತಿಳಿದಿರಬೇಕು; ಕೊಡದಿದ್ದರೂ ತವರು ತವರಾಗಿಯೇ ಉಳಿಯುತ್ತದೆಂಬ ಧೈರ್ಯವಿರಬೇಕು. ಇವೆರಡೂ ಇಲ್ಲದೆ ಪಡೆದ ರುಜುವಿಗೆ ನೋಂದಣಿಯ ಮೊಹರು ಬಿದ್ದೀತು. ಧರ್ಮದ ಮೊಹರು ಬೀಳಲಾರದು.

ಆದಿಯ ಮಾತನ್ನು ಎತ್ತುವ ಮಹಾಶಯರು ಆದಿಯವರೆಗೆ ಹೋಗಿ ನೋಡಲಿ. ಅಲ್ಲಿ ಮಗಳ ಮನೆಗಳೂ ಇವೆ, ಮಗನ ಮನೆಗಳೂ ಇವೆ. ಯಾವುದನ್ನು ಕಟ್ಟಬೇಕೆಂಬುದು ಕಟ್ಟುವವರ ಆಯ್ಕೆಯಾಗಿತ್ತು, ಈಗಲೂ ಆಗಿದೆ. ಶಾಸ್ತ್ರವನ್ನು ಹೇಳುವವರು ಮಿತಾಕ್ಷರವನ್ನು ತೆರೆದು ಓದಲಿ. ದೇಶಾಚಾರವೆನ್ನುವವರು ಹದಿನಾರಿನ ಕಥೆಯನ್ನು ಮಕ್ಕಳಿಗೆ ಹೇಳುವಾಗ ಯದುರಾಯನ ಕತ್ತಿಯೊಡನೆ ಆ ಮನೆಮಗಳ ಹಕ್ಕನ್ನೂ ಹೇಳಲಿ. ಇಷ್ಟಾದ ಮೇಲೂ ತಂಗಿಗೆ ಪಾಲು ಕೊಡಲು ಮನಸ್ಸು ಬಾರದಿದ್ದರೆ ಹಾಗೆಂದೇ ಒಪ್ಪಿಕೊಳ್ಳಲಿ. ಲೋಭಕ್ಕೆ ಲೋಭವೆಂಬ ಹೆಸರು ಆಗಲೇ ಇದೆ. ಅದಕ್ಕೆ ಪ್ರಕೃತಿ, ಶಾಸ್ತ್ರ, ಆಚಾರವೆಂಬ ಮೂರು ಹೆಸರುಗಳನ್ನು ಹೊಸದಾಗಿ ಇಡುವುದು ಬೇಡ.